ಬಲಗಡೆಯ ತೂತು

ಚೆನ್ನೈ ಬಂದರಿನಿಂದ ಶಿರಾ ಗೇಟಿಗೆ
ಲಾರಿಯಲ್ಲಿ ಬಂತು ಕಾರು,
ಹದಿನೇಳು ಪೆಟ್ಟಿಗೆ, ಒಂದು ಚಿಪ್ಪು.
ಚಿಪ್ಪೆಂದರೆ ಫೈಬರಿನ ಮೈ, ಕೆಂಪು, ಹಗುರ.
ನಾಲ್ವರು ಹೆಗಲು ಕೊಟ್ಟು ಇಳಿಸುವಾಗ
ಹುಡುಗನೊಬ್ಬ ಏನೋ ಅಂದ.
"ಹಾಗನ್ನಬಾರದು, ಮದುವಣಗಿತ್ತಿ ಅನ್ನು,"
ಎಂದರು ಪ್ಯಾರೇಜಾನ್ ಮೇಸ್ತ್ರಿ.

ಅಸಲಿ ಅಲ್ಲ ಇದು. ಅಸಲಿನದು
ಯಾವನೋ ದೊರೆಯ ಕೊಟ್ಟಿಗೆಯಲ್ಲಿ
ಬಟ್ಟೆ ಹೊದ್ದು ಮಲಗಿದೆಯಂತೆ.
ಇದು ಅದರ ನಕಲು, ಇಂಗ್ಲೆಂಡಿನ ಷೆಡ್ಡೊಂದರಲ್ಲಿ ಎರಕವಾದದ್ದು.
ತರಿಸಿದವನು ಮಸ್ಕತ್ತಿನಲ್ಲಿ ಟೈರು ಮಾರುವ ಝಕಾವುಲ್ಲಾ,
ನಮ್ಮ ಮೇಸ್ತ್ರಿಯ ಹತ್ತಿರವೇ ಪಾನಾ ಹಿಡಿಯಲು ಕಲಿತವನು.
ಅಲ್ಲಿ ರಸ್ತೆಯ ಬಲಕ್ಕೆ ಓಡಿಸುತ್ತಾರೆ,
ಡ್ರೈವರು ಎಡಕ್ಕೆ ಕೂರಬೇಕು.
ಪೆಟ್ಟಿಗೆಯಲ್ಲಿದ್ದದ್ದು ಬಲಗಡೆಯ ಸ್ಟೀರಿಂಗು.
"ಆಗುತ್ತಾ?" ಅಂತ ಫೋನು.
"ಕಳಿಸು" ಅಂದುಬಿಟ್ಟಿದ್ದರು.

ಆಮೇಲೆ ನನ್ನ ಕಡೆ ತಿರುಗಿ:
"ಏ ಸಿದ್ಗಂಗಾ, ನೀನು ಎಡಚಿ. ಇದು ನಿಂದು."

ಎಡಚಿ.
ಆ ಕೈಯಲ್ಲಿ ಪ್ರಸಾದ ಇಸ್ಕೊಂಡಿದ್ದಕ್ಕೆ ಅಜ್ಜಿ ಬಾರಿಸಿದ್ದಳು.
ಆ ಕೈಯಲ್ಲಿ ಬರೆದದ್ದಕ್ಕೆ ಮೇಷ್ಟ್ರ ಸ್ಕೇಲು ಮುರಿದಿತ್ತು.
ಬಲ ಅಂದರೆ ಶಕ್ತಿಯಂತೆ. ಎಡ ಅಂದರೆ
ಎಡವೋದು, ಎಡವಟ್ಟು, ಎಡಬಿಡಂಗಿ.
ನಿಘಂಟು ಬರೆದವರೆಲ್ಲ ಬಲಗೈಯವರೇ ಇರಬೇಕು.
ಐಟಿಐನಲ್ಲಿ ವೆಲ್ಡಿಂಗ್ ಟಾರ್ಚು ಮಾತ್ರ
ಯಾವ ಕೈ ಅಂತ ಕೇಳಲಿಲ್ಲ.

ಕನ್ನಡಿ ಹಿಡಿದ ಹಾಗೆ ಎಲ್ಲವನ್ನೂ ಮಗುಚಬೇಕು.
ಪೆಡಲುಗಳು ಆ ಕಡೆಯಿಂದ ಈ ಕಡೆಗೆ,
ಆದರೆ ಕ್ಲಚ್ಚು ಎಡದಲ್ಲೇ, ಬ್ರೇಕು ನಡುವೆಯೇ;
ಕಾಲುಗಳಿಗೆ ಕನ್ನಡಿಯ ಮಾತು ತಿಳಿಯದು.
ಮೀಟರು ಹಲಗೆಗೆ ಹೊಸ ಅಚ್ಚು.
ಸ್ಟೀರಿಂಗಿನ ಸರಳು ಹಾಯುವ ದಾರಿಯಲ್ಲೇ
ಸೈಲೆನ್ಸರಿನ ನಾಲ್ಕು ಕೊಳವೆ, ಕರುಳಿನ ಹಾಗೆ.
ಬಳಸಿಕೊಂಡು ಹೋಗಲು ಗುಜರಿಯಿಂದ ತಂದೆ
ಹಳೆಯ ಓಮ್ನಿಯ ಎರಡು ಕೀಲು.

ರ‍್ಯಾಕನ್ನು ತಲೆಕೆಳಗು ಕೂರಿಸಿದ ದಿನ
ಪಕ್ಕದ ಲೇತಿನ ಹುಡುಗರೂ ನೋಡಲು ಬಂದರು.
ಜಾಕಿನ ಮೇಲೆ ಕಾರು. ಎಡಕ್ಕೆ ತಿರುಗಿಸಿದೆ.
ಚಕ್ರಗಳೆರಡೂ ನಿಧಾನ
ಬಲಕ್ಕೆ ನೋಡಿದವು.
ಯಾರೂ ಮಾತಾಡಲಿಲ್ಲ. ಬಲಕ್ಕೆ ತಿರುಗಿಸಿದೆ,
ಎಡಕ್ಕೆ ನೋಡಿದವು, ಮುನಿದ ಎತ್ತುಗಳ ಹಾಗೆ.
ಮೇಸ್ತ್ರಿ ನಕ್ಕರು, ಹಲ್ಲುಸೆಟ್ಟು ಕೈಗೆ ಬರುವಷ್ಟು ನಕ್ಕರು.
"ನಿಂಗೂ ಒಂದು ಎಡವಟ್ಟು ಬಾಕಿ ಇತ್ತು."

ಸರಿಯಾದ ರ‍್ಯಾಕು ಬರಲು ಹದಿನೆಂಟು ದಿನ.
ಅಷ್ಟರಲ್ಲಿ ಎಂಜಿನ್ನಿನ ಹಿಂದಿನ ಗೋಡೆಯಲ್ಲಿ
ಹಳೆಯ ಸರಳು ಹಾಯುತ್ತಿದ್ದ ತೂತು ಮುಚ್ಚಿದೆ.
ಚಕ್ಕುಲಿ ಅಗಲ. ತಗಡು ಕತ್ತರಿಸಿ
ಬೆಸೆಯುವ ಮುಂಚೆ ಒಳಮೈಗೆ ಮೊಳೆಯಲ್ಲಿ ಗೀಚಿದೆ:
ಸಿದ್ಗಂಗಾ, ತುಮಕೂರು.
ಅಕ್ಷರ ಸೊಟ್ಟ. ಸ್ಕೇಲು ತೋರಿಸಲು ಯಾರೂ ಇರಲಿಲ್ಲ.
ಆಮೇಲೆ ಬಣ್ಣ.

ವಸಂತನರಸಾಪುರದ ಖಾಲಿ ರಸ್ತೆ, ಬೆಳಗಿನ ಐದೂವರೆ,
ಫ್ಯಾಕ್ಟರಿ ಬಸ್ಸುಗಳಿಗೆ ಇನ್ನೂ ಹೊತ್ತಿದೆ.
ನಾನು ಎಡಕ್ಕೆ ಕೂತೆ.
ಗೇರು ಬಲಗೈ ನೋಡಿಕೊಂಡಿತು,
ಸ್ಟೀರಿಂಗು ಪೂರ್ತಿ ಎಡಗೈಯದು.
ಎಡ ಅಂದರೆ ಎಡ. ಬಲ ಅಂದರೆ ಬಲ.
ಮೇಸ್ತ್ರಿ ನನ್ನ ಬಲಗಡೆ,
ನಲವತ್ತು ವರ್ಷ ಲಾರಿ ಓಡಿಸಿದ ಜಾಗದಲ್ಲಿ,
ಕೈ ತೊಡೆಯ ಮೇಲೆ, ಹಿಡಿಯಲು ಏನಿಲ್ಲ.

ಮೊದಲ ಹಂಪು ಬಂತು.
ಅವರ ಬಲಗಾಲು ತಾನಾಗಿ ಚಾಚಿ
ಇಲ್ಲದ ಬ್ರೇಕನ್ನು ಒತ್ತಿತು,
ನನ್ನ ತಗಡಿನ ಮೇಲೆ, ಠಕ್ ಅಂತ.
ನಾನೂ ಒತ್ತಿದೆ. ಕಾರು ನಿಂತಿತು.

"ನೋಡಿದ್ಯಾ," ಅಂದರು,
"ಇನ್ನೂ ಹಿಡಿಯುತ್ತೆ."